ವಿಯೆಟ್ನಾಂ ಮೆಣಸು ಶ್ರೀಲಂಕಾದ್ದಾಗುವ ಕಥೆ

ಮೆಣಸಿನ ಬೆಲೆ ಬಿದ್ದಾಗಲೆಲ್ಲ ಕೊಡಗು, ಹಾಸನ, ಚಿಕ್ಕಮಗಳೂರಿನ ಬೆಳೆಗಾರರ ಬಾಯಲ್ಲಿ ಶ್ರೀಲಂಕಾ ಹೆಸರು ಬಂದೇ ಬರುತ್ತದೆ. ಜಗಳದ ಮೂಲ ಒಂದು ಕಾಗದ. ಸರಕು ಯಾವ ದೇಶದ್ದು ಅಂತ ಹೇಳುವ ಪ್ರಮಾಣಪತ್ರ.

ಭಾರತ ಮತ್ತು ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದ್ದು 1998ರಲ್ಲಿ, ಅದು ಜಾರಿಗೆ ಬಂದದ್ದು 2000ದಲ್ಲಿ. ಸರಕು ಕಳಿಸುವ ದೇಶದಲ್ಲೇ ಬೆಳೆದದ್ದಾಗಿರಬೇಕು, ಇಲ್ಲವೇ ಕನಿಷ್ಠ ಶೇ 35ರಷ್ಟು ಮೌಲ್ಯ ಅಲ್ಲಿ ಸೇರಿರಬೇಕು, ಆಗ ಮಾತ್ರ ಸುಂಕದಲ್ಲಿ ರಿಯಾಯಿತಿ. ಈ ಷರತ್ತು ಸುಮ್ನೆ ಬಂದದ್ದಲ್ಲ. ಎರಡೂ ದೇಶಗಳು ಹೊರಗಿನವರಿಗೆ ಬೇರೆ ಬೇರೆ ಸುಂಕ ಹಾಕುತ್ತವೆ, ಹಾಗಾಗಿ ಸುಂಕ ಕಡಿಮೆ ಇರುವ ಬಂದರಿನಲ್ಲಿ ಮಾಲು ಇಳಿಸಿ ಅಲ್ಲಿಂದ ಪಕ್ಕದ ದೇಶಕ್ಕೆ ದಾಟಿಸುವ ಆಸೆ ಯಾವ ವ್ಯಾಪಾರಿಗೂ ಬರುತ್ತದೆ. ಯುರೋಪಿನ ಆರು ದೇಶಗಳು 1968ರಲ್ಲೇ ಹೊರಗಿನ ಸರಕಿಗೆಲ್ಲ ಒಂದೇ ಸುಂಕ ಮಾಡಿಕೊಂಡು ಈ ತಲೆನೋವಿನಿಂದ ಪಾರಾದವು.

ನಮ್ಮಲ್ಲಿ ಮೊದಲು ಗಲಾಟೆಯಾದದ್ದು ವನಸ್ಪತಿ, ಅಂದರೆ ಡಾಲ್ಡಾದಂಥ ಅಡುಗೆ ಕೊಬ್ಬಿನ ವಿಷಯದಲ್ಲಿ. ಹೊರಗಿನ ತಾಳೆ ಎಣ್ಣೆ ಕಡಿಮೆ ಸುಂಕದಲ್ಲಿ ಶ್ರೀಲಂಕಾಕ್ಕೆ ಬಂದು, ಅಲ್ಲಿ ವನಸ್ಪತಿಯಾಗಿ, ಸುಂಕವೇ ಇಲ್ಲದೆ ಭಾರತಕ್ಕೆ ಬರತೊಡಗಿತು. ಅಲ್ಲಿ ಕಾರ್ಖಾನೆ ಹಾಕಿದವರಲ್ಲಿ ನಮ್ಮವರೂ ಇದ್ದರು ಅನ್ನೋದು ಬೇರೆ ಮಾತು! 2006ರಲ್ಲಿ ಅದಕ್ಕೆ ವರ್ಷಕ್ಕೆ 2.5 ಲಕ್ಷ ಟನ್ ಮಿತಿ ಬಿತ್ತು.

ಮೆಣಸಿನ ಕಥೆ ಇನ್ನೂ ಸರಳ, ಇನ್ನೂ ಕಷ್ಟ. ಅದು ಶ್ರೀಲಂಕಾದಲ್ಲೇ ಬೆಳೆದಿರಬೇಕು, ಅಷ್ಟೇ. ಆದರೆ ಒಣಗಿದ ಕಾಳು ನೋಡಿ ಇದು ಯಾವ ಬಳ್ಳಿಯದು ಅಂತ ಕಸ್ಟಮ್ಸ್‌ನವರು ಹೇಳೋದು ಹೇಗೆ? ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್‌ಗೆ ಸುಂಕವಿಲ್ಲ, ಸಾಫ್ಟಾ, ಅಂದರೆ ದಕ್ಷಿಣ ಏಷ್ಯಾ ದೇಶಗಳ ಮುಕ್ತ ವ್ಯಾಪಾರ ಒಪ್ಪಂದದ ದಾರಿಯಲ್ಲಿ ಬಂದರೆ ಶೇ 8 ಮಾತ್ರ. ವಿಯೆಟ್ನಾಮಿನಿಂದ ನೇರವಾಗಿ ತಂದರೆ ಸುಂಕ ಎಷ್ಟೋ ಪಟ್ಟು ಜಾಸ್ತಿ. ಅಲ್ಲಿನ ಮೆಣಸೇ ಶ್ರೀಲಂಕಾದ ಕಾಗದ ಹೊತ್ತು ಬರುತ್ತಿದೆ ಅನ್ನೋದು ಬೆಳೆಗಾರರ ದೂರು.

2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ನನಗೆ ಇದು ಅರೆಬರೆ ಮದ್ದು ಅನ್ನಿಸುತ್ತದೆ. ಸುಂಕವೇ ಇಲ್ಲ ಅಥವಾ ತೀರಾ ಕಡಿಮೆ ಅಂದಮೇಲೆ, ಬಿಲ್ಲಿನಲ್ಲಿ ಬೆಲೆ ಏರಿಸಿ ಬರೆಯೋದಕ್ಕೆ ಹೆಚ್ಚು ಖರ್ಚೇನಿಲ್ಲ, ಅಲ್ವಾ?

2020ರಲ್ಲಿ ಬಂದ ಬದಲಾವಣೆಗೆ ಹೆಚ್ಚು ಬಲವಿದೆ. ಕಸ್ಟಮ್ಸ್ ಕಾಯ್ದೆಗೆ ಹೊಸ ಸೆಕ್ಷನ್ ಸೇರಿತು, ಸೆಪ್ಟೆಂಬರ್ 21ರಿಂದ ಹೊಸ ನಿಯಮ ಜಾರಿಯಾಯಿತು. ಈಗ ಪ್ರಮಾಣಪತ್ರ ತೋರಿಸಿದರೆ ಸಾಲದು, ಸರಕಿನ ಮೂಲದ ವಿವರ ಆಮದುದಾರನ ಕೈಯಲ್ಲೇ ಇರಬೇಕು. ಆದರೂ ಸಂಶಯ ಉಳಿದರೆ ಭಾರತ ವಿಚಾರಿಸಬೇಕಾದ್ದು ಆ ಕಾಗದ ಕೊಟ್ಟ ಶ್ರೀಲಂಕಾದ ಇಲಾಖೆಯನ್ನೇ. ಯುರೋಪಿನಲ್ಲಿರುವಂತೆ ಎರಡೂ ದೇಶಗಳ ಮೇಲೆ ತೀರ್ಪು ಕೊಡುವ ಕಾಯಂ ಕೋರ್ಟು ಇಲ್ಲಿಲ್ಲ, ಹಾಗಾಗಿ ಮಡಿಕೇರಿಯ ಬೆಳೆಗಾರ ತನ್ನ ದೂರನ್ನು ದೆಹಲಿಗೇ ಒಯ್ಯಬೇಕು.