ಕೆಮ್ಮು ನಿಂತಿದೆ, ಸ್ಟೀರಾಯ್ಡ್ ಬಿಡಬಹುದಾ?

ಪ್ರಶ್ನೆ: ತಮ್ಮನಿಗೆ ಹಾಡ್ಜ್‌ಕಿನ್ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್). ಕೀಮೋ ನಡುವೆ ಒಣಕೆಮ್ಮು ಶುರುವಾಯಿತು, ಮೆಟ್ಟಿಲು ಹತ್ತಿದರೆ ಏದುಸಿರು. ಕೀಮೋದಲ್ಲಿನ ಬ್ಲಿಯೋಮೈಸಿನ್ ಎಂಬ ಔಷಧಿಯಿಂದ ಶ್ವಾಸಕೋಶಕ್ಕೆ ಪೆಟ್ಟಾಗಿದೆ ಎಂದು ವೈಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ದಾರೆ. ಎರಡು ವಾರಕ್ಕೆ ಕೆಮ್ಮು ಹೋಯಿತು. ಈಗ ಮುಖ ಊದಿದೆ, ನಿದ್ದೆ ಇಲ್ಲ. ಮಾತ್ರೆ ಬಿಡಬಹುದಾ?

ಉತ್ತರ: ನೀವಾಗಿ ಬಿಡಬೇಡಿ. ಕೆಮ್ಮು ನಿಂತ ಮಾತ್ರಕ್ಕೆ ಒಳಗಿನ ಉರಿಯೂತ ಆರಿದೆ ಎಂದಲ್ಲ.

ಬ್ಲಿಯೋಮೈಸಿನ್ಅನ್ನು ಒಡೆದು ಹಾಕುವ ಒಂದು ಕಿಣ್ವ ನಮ್ಮ ಮೈಯಲ್ಲಿದೆ. ಶ್ವಾಸಕೋಶ ಮತ್ತು ಚರ್ಮದಲ್ಲಿ ಅದು ತೀರಾ ಕಡಿಮೆ. ಹಾಗಾಗಿ ಏಟು ಬೀಳೋದು ಅಲ್ಲೇ. ಕೆಲವರ ಬೆನ್ನ ಮೇಲೆ ಚಾಟಿಯಲ್ಲಿ ಬಾರಿಸಿದ ಹಾಗೆ ಕಪ್ಪು ಗೆರೆ ಏಳುವುದೂ ಇದೇ ಕಾರಣಕ್ಕೆ. ತಮ್ಮನ ಬೆನ್ನು ಒಮ್ಮೆ ನೋಡಿ.

ಸ್ಟೀರಾಯ್ಡ್ ಉರಿಯೂತವನ್ನು ತಗ್ಗಿಸುತ್ತದೆ, ಅಷ್ಟೇ. ಆಗಲೇ ಗಟ್ಟಿಯಾದ ಗಾಯದ ಕಲೆಯನ್ನು ಅಳಿಸಲಾರದು. ಅದಕ್ಕೇ ಬೇಗ ಶುರುಮಾಡುತ್ತಾರೆ, ಬ್ಲಿಯೋಮೈಸಿನ್ ನಿಲ್ಲಿಸಿ ಉಳಿದ ಔಷಧಿ ಮುಂದುವರಿಸುತ್ತಾರೆ. ಈ ಸ್ಟೀರಾಯ್ಡ್ ಚಿಕಿತ್ಸೆಗೆ ದೊಡ್ಡ ಪ್ರಯೋಗಗಳ ಆಧಾರ ಕಡಿಮೆ, ವೈದ್ಯರ ಅನುಭವವೇ ಜಾಸ್ತಿ.

ವೈಸೋಲೋನ್ ಸಾಮಾನ್ಯವಾಗಿ ದಿನಕ್ಕೆ ಕಿಲೋ ತೂಕಕ್ಕೆ 0.5ರಿಂದ 1 ಮಿಲಿಗ್ರಾಂ ಲೆಕ್ಕ. 60 ಕಿಲೋ ಇದ್ದರೆ ದಿನಕ್ಕೆ 30ರಿಂದ 60 ಮಿಲಿಗ್ರಾಂ. ಆಮೇಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಅವಸರ ಮಾಡಿದರೆ ಎರಡು ತೊಂದರೆ. ಕೆಮ್ಮು, ಏದುಸಿರು ಮತ್ತೆ ಬರಬಹುದು. ಇನ್ನೊಂದು, ಹೊರಗಿನಿಂದ ಸ್ಟೀರಾಯ್ಡ್ ಸಿಗುತ್ತಿದ್ದಾಗ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಸೋಮಾರಿಯಾಗಿರುತ್ತದೆ. ತಟ್ಟನೆ ಬಿಟ್ಟರೆ ಸುಸ್ತು, ವಾಂತಿ, ಬಿಪಿ ಕುಸಿತ.

ಮುಖದ ಊತ ಡೋಸ್ ಇಳಿದ ಹಾಗೆ ತಾನೇ ಇಳಿಯುತ್ತದೆ. ನಿದ್ದೆಗೆ ಒಂದು ಉಪಾಯ: ಮಾತ್ರೆ ಬೆಳಿಗ್ಗೆ ತಿಂಡಿ ಆದಮೇಲೆ ನುಂಗಲಿ, ಸಂಜೆ ಬೇಡ. ಸಕ್ಕರೆ ಪರೀಕ್ಷೆ ಮಾಡಿಸಿ. ಜ್ವರ ಬಂದರೆ ಸುಮ್ನೆ ಪ್ಯಾರಾಸಿಟಮಾಲ್ ಕೊಟ್ಟು ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಸ್ಟೀರಾಯ್ಡ್ ಸೋಂಕನ್ನು ಮುಚ್ಚಿಡುತ್ತದೆ. ನ್ಯುಮೋನಿಯಾ ತಡೆಯಲು ಕೋಟ್ರಿಮಾಕ್ಸಜೋಲ್ ಎಂಬ ಆಂಟಿಬಯೋಟಿಕ್ ಬೇಕಾ ಎಂದೂ ಕೇಳಿ. ವೈಸೋಲೋನ್ ದಿನಕ್ಕೆ 20 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಡೋಸ್‌ನಲ್ಲಿ ತಿಂಗಳು ದಾಟಿದರೆ ಅದನ್ನು ಹೆಚ್ಚಾಗಿ ಕೊಡುತ್ತಾರೆ.

ಇನ್ನೊಂದು ಮಾತು, ಬಹಳ ಜನ ಮರೆಯುತ್ತಾರೆ. ಮುಂದೆ ಯಾವಾಗಲಾದರೂ ಆಪರೇಷನ್ ಎಂದರೆ ಅರಿವಳಿಕೆ ಡಾಕ್ಟರಿಗೆ ಬ್ಲಿಯೋಮೈಸಿನ್ ವಿಷಯ ಹೇಳಲೇಬೇಕು. ಜಾಸ್ತಿ ಆಮ್ಲಜನಕ ಆ ಶ್ವಾಸಕೋಶಕ್ಕೆ ಮತ್ತೆ ಪೆಟ್ಟು ಕೊಡಬಹುದು. ಡಿಸ್ಚಾರ್ಜ್ ಸಮ್ಮರಿಯ ಒಂದು ಜೆರಾಕ್ಸ್ ತಮ್ಮನ ಪರ್ಸಿನಲ್ಲೇ ಇರಲಿ.