ತುಕ್ಕು ಉಜ್ಜುವ ಮೊದಲು ಹೆಸರು ಹಿಡಿಯಿರಿ

ಚಿಕ್ಕಮಗಳೂರಿನಲ್ಲಾಗಲಿ ಮೂಡಿಗೆರೆಯಲ್ಲಾಗಲಿ, ಹಳೆಯ ವಾಚ್ ರಿಪೇರಿ ಅಂಗಡಿ ಬಾಗಿಲು ಹಾಕಿದರೆ ಡಯಲ್ಲು, ಬೆಲ್ಟು, ಗಾಜಿಗೆಲ್ಲ ಹೇಗೋ ಗಿರಾಕಿ ಸಿಗುತ್ತದೆ. ಕೊನೆಗೆ ಉಳಿಯುವುದು ಒಂದು ಮರದ ಪೆಟ್ಟಿಗೆ. ಒಳಗಿರುವ ಸಾಮಾನು ಏನೆಂದು ಮನೆಯವರಿಗೆ ಗೊತ್ತಿರುವುದಿಲ್ಲ; ಗುಜರಿಯವನು ಹಿತ್ತಾಳೆ ಬೇರೆ, ಕಬ್ಬಿಣ ಬೇರೆ ಮಾಡಿ ತೂಗಿಬಿಡುತ್ತಾನೆ. ಪೆಟ್ಟಿಗೆಯನ್ನು ಉಳಿಸಿಕೊಂಡವರು ಮಾಡುವ ತಪ್ಪು ಇನ್ನೊಂದು ಬಗೆಯದು. ಮಲೆನಾಡಿನ ಮಳೆಗಾಲಗಳು ಹತ್ತಿಸಿದ ತುಕ್ಕನ್ನು ಎಮರಿ ಕಾಗದದಲ್ಲಿ ಉಜ್ಜಿ ಫಳಫಳ ಮಾಡಿಡುತ್ತಾರೆ. ವಾಚಿನ ಉಪಕರಣದ ಜೀವ ಇರುವುದು ವಾಚಿಗೆ ತಾಗುವ ಒಂದೆರಡು ಮಿಲಿಮೀಟರ್ ಜಾಗದಲ್ಲಿ. ಎಮರಿಗೆ ಮೊದಲು ಬಲಿಯಾಗುವುದೂ ಅದೇ ಜಾಗ.

ಹಾಗಾಗಿ ಪೆಟ್ಟಿಗೆ ಬಿಚ್ಚಿದಾಗ ಒಂದೊಂದೇ ಉಪಕರಣ ಕೈಗೆತ್ತಿಕೊಂಡು, ಕಣ್ಣಿಗೆ ಐಗ್ಲಾಸ್ (ವಾಚ್ ರಿಪೇರಿಯವರ ಭೂತಗನ್ನಡಿ) ಹಾಕಿ, ಇದರ ಯಾವ ತುದಿ ಮಷೀನಿನ ಯಾವ ಭಾಗಕ್ಕೆ ತಾಗುತ್ತದೆ ಎಂದು ಕೇಳಿಕೊಳ್ಳಿ. ಅಲ್ಲಿ ತೂತಿದೆಯೇ, ಗಾಡಿ (ಉದ್ದನೆಯ ಸಣ್ಣ ತೋಡು) ಇದೆಯೇ, ಅಂಕಿ ಕೊರೆದಿದೆಯೇ? ಹೆಸರು ತಾನಾಗಿ ಹೊರಬರುತ್ತದೆ.

ಅತಿ ಹೆಚ್ಚು ಎಸೆಯಲ್ಪಡುವ ವಸ್ತುವಿನಿಂದಲೇ ಶುರುಮಾಡೋಣ. ಹಲ್ಲು ಸವೆದುಹೋದ ಸಣ್ಣ ಅರದ ಹಾಗೆ ಕಾಣುವ ಚಪ್ಪಟೆ ಉಕ್ಕಿನ ಪಟ್ಟಿ, ಮರದ ಹಿಡಿ. 'ಇನ್ನು ಇದು ಕಡಿಯುವುದಿಲ್ಲ' ಎಂದು ಬದಿಗಿಡುತ್ತಾರೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಮೈಮೇಲೆ ಅಡ್ಡಡ್ಡಲಾಗಿ ಕೂದಲಿಗಿಂತ ಸಣ್ಣ ಗೆರೆಗಳಿವೆ, ಉಗುರು ಎಳೆದರೆ ಮಾತ್ರ ತಿಳಿಯುವಷ್ಟು. ಒಂದು ಅಂಚು ಚೂಪು, ಇನ್ನೊಂದು ಅಂಚು ತುಸು ಗುಂಡು. ಅದು ಅರವೇ ಅಲ್ಲ, ಬರ್ನಿಷರ್. ಲೋಹವನ್ನು ಕೆರೆದು ತೆಗೆಯದೆ ಒತ್ತಿ ಗಟ್ಟಿಮಾಡಿ ಹೊಳಪು ಕೊಡುವುದು ಇದರ ಕೆಲಸ. ಆ ಸಣ್ಣ ಗೆರೆಗಳನ್ನು ಕಲ್ಲಿನ ಮೇಲೆ ಅಡ್ಡ ಎಳೆದು ಬೇಕೆಂದೇ ಮಾಡಿರುತ್ತಾರೆ. ಎಮರಿಯಲ್ಲಿ ಉದ್ದುದ್ದ ಉಜ್ಜಿದಿರೋ, ಗೆರೆ ಹೋಯಿತು, ಅಂಚೂ ದುಂಡಗಾಯಿತು.

ಬರ್ನಿಷರ್ ಸಿಕ್ಕಿದ ಪೆಟ್ಟಿಗೆಯಲ್ಲಿ ಅದರ ಜೊತೆಗಾರನನ್ನೂ ಹುಡುಕಿ: ಜಾಕೊ ಟೂಲ್. ಗೇಣುದ್ದದೊಳಗಿನ ಹಿತ್ತಾಳೆಯ ಉಪಕರಣ, ವೈಸ್‌ಗೆ ಕಚ್ಚಿಸುವ ಕಾಲು, ನಡುವೆ ಸಣ್ಣ ಗಾಲಿ, ಒಂದು ಕೊನೆಗೆ ತಿರುಗಿಸಿ ಇಡಬಹುದಾದ ಉಕ್ಕಿನ ಗುಂಡು. ಆ ಗುಂಡಿನ ಸುತ್ತ ಬೇರೆ ಬೇರೆ ಆಳದ ಗಾಡಿಗಳಿದ್ದು, ಪಕ್ಕದಲ್ಲಿ 8, 9, 10, 11 ಎಂಬಂತೆ ಅಂಕಿಗಳಿರುತ್ತವೆ. ಇವು ಮಿಲಿಮೀಟರಿನ ನೂರನೇ ಭಾಗಗಳು. ಕೈಗಡಿಯಾರದಲ್ಲಿ ಹಿಂದೆಮುಂದೆ ಆಡುತ್ತಾ ಕಾಲ ಎಣಿಸುವ ಚಕ್ರವೇ ಬ್ಯಾಲೆನ್ಸ್, ಅದರ ಅಚ್ಚು ಬ್ಯಾಲೆನ್ಸ್ ಸ್ಟಾಫ್; ಆ ಅಚ್ಚಿನ ಸಪೂರ ತುದಿ, ಅಂದರೆ ಪಿವಟ್, ಸುಮಾರು 0.10 ಮಿ.ಮೀ. ದಪ್ಪ. ಅದನ್ನು ತಕ್ಕ ಗಾಡಿಯಲ್ಲಿ ಮಲಗಿಸಿ, ಗಾಲಿಗೆ ಕುದುರೆಕೂದಲು ಕಟ್ಟಿದ ಬಿಲ್ಲು ಸುತ್ತಿ ಎಳೆಯುತ್ತಾ, ಪಿವಟ್‌ನ ಮೈ ತಿರುಗುವುದಕ್ಕೆ ಎದುರು ದಿಕ್ಕಿನಲ್ಲಿ ಬರ್ನಿಷರನ್ನು ಎಣ್ಣೆ ಹಚ್ಚಿ ಆಡಿಸಬೇಕು. ಗಾಡಿ ಆಳವಾದರೆ ಬರ್ನಿಷರ್ ಪಿವಟ್ ಬಿಟ್ಟು ಗುಂಡಿನ ಅಂಚನ್ನೇ ಉಜ್ಜುತ್ತದೆ. ತೀರಾ ತೆಳುವಾದರೆ ಪಿವಟ್ ಹೊರಜಾರಿ ಮುರಿಯುತ್ತದೆ. ಪೆಟ್ಟಿಗೆಯ ಮೂಲೆಯಲ್ಲಿ ದಾರವಿಲ್ಲದ ಪುಟ್ಟ ಬಿಲ್ಲೊಂದು ಬಿದ್ದಿದ್ದರೆ ಮಕ್ಕಳ ಆಟಿಕೆ ಎಂದುಕೊಳ್ಳಬೇಡಿ, ಅದು ಈ ಕೆಲಸದ್ದೇ.

ಮುಂದಿನ ಗೊಂದಲ 8ರ ಆಕಾರದ ಇಕ್ಕಳಗಳದ್ದು. ಎರಡು ಬಾಗಿದ ತೋಳು, ನಡುವೆ ಕೀಲು. ಇವುಗಳಲ್ಲಿ ಎರಡು ಜಾತಿ. ಒಂದರ ಕೊನೆಯಲ್ಲಿ ಅಳತೆಪಟ್ಟಿ ಇದ್ದರೆ ಅದು ದುಝಿಯೆಂ ಗೇಜ್. ಫ್ರೆಂಚರ ಹಳೆಯ ಲೀನ್ಯ್ ಎಂಬ ಅಳತೆ 2.256 ಮಿ.ಮೀ.; ಅದರ ಹನ್ನೆರಡನೇ ಒಂದು ಭಾಗ ದುಝಿಯೆಂ, ಅಂದರೆ ಹತ್ತಿರಹತ್ತಿರ 0.188 ಮಿ.ಮೀ. ಒಂದು ಬಾಯಿಯಲ್ಲಿ ಹಿಡಿದ ದಪ್ಪವನ್ನು ಇನ್ನೊಂದು ತುದಿ ಹಿಗ್ಗಿಸಿ ತೋರಿಸುತ್ತದೆ. 10 ಎಂದು ತೋರಿಸಿದರೆ 10 ಮಿ.ಮೀ. ಅಲ್ಲ, 1.88 ಮಿ.ಮೀ. ಇದು ತಿಳಿಯದೆ 'ಈ ಗೇಜ್ ಸುಳ್ಳು ಹೇಳುತ್ತದೆ' ಎಂದು ಬೈದವರು ಕಡಿಮೆಯೇನಿಲ್ಲ. ಅಳತೆಪಟ್ಟಿ ಇಲ್ಲದೆ ಎರಡೂ ತುದಿಯಲ್ಲಿ ಸೂಜಿಮೊನೆಯಷ್ಟು ಕುಳಿ ಎದುರುಬದುರು ಇದ್ದರೆ ಅದು ಟ್ರೂಯಿಂಗ್ ಕ್ಯಾಲಿಪರ್. ಬ್ಯಾಲೆನ್ಸಿನ ಎರಡು ಪಿವಟ್ಟುಗಳನ್ನು ಆ ಕುಳಿಗಳಲ್ಲಿ ಕೂರಿಸಿ ತಿರುಗಿಸಿದರೆ ಚಕ್ರ ಎಲ್ಲಿ ಡೊಂಕಾಗಿದೆ ಎಂದು ಪಕ್ಕದ ಸೂಚಕ ಹೇಳುತ್ತದೆ. ಇದರ ತೋಳುಗಳನ್ನು 'ಬಿಗಿಯಾಗಿದೆ' ಎಂದು ಬಗ್ಗಿಸಿದರೆ ಕುಳಿಗಳು ಎದುರುಬದುರು ಉಳಿಯುವುದಿಲ್ಲ. ಆಮೇಲೆ ಅದು ಇಕ್ಕಳಕ್ಕೂ ಕಡೆ.

ಚಕ್ರ ನೆಟ್ಟಗಿದ್ದರಷ್ಟೇ ಸಾಲದು, ತೂಕವೂ ಸಮ ಇರಬೇಕು. ಅದಕ್ಕಿರುವುದು ಪಾಯ್ಸಿಂಗ್ ಟೂಲ್: ಮೂರು ಕಾಲಿನ ಪೀಠ, ಮೇಲೆ ಎದುರುಬದುರಾಗಿ ಎರಡು ಅಲಗು, ಒಂದು ಹತ್ತಿರ–ದೂರ ಸರಿಯುತ್ತದೆ. ಅಲಗುಗಳು ಉಕ್ಕಿನವು, ಒಳ್ಳೆಯ ಸೆಟ್ಟಾದರೆ ಮಾಣಿಕ್ಯದವು. ಮೊದಲು ಕಾಲಿನ ಸ್ಕ್ರೂಗಳಿಂದ ಪೀಠ ಸಮಮಟ್ಟ ಮಾಡಿ, ಹೇರ್‌ಸ್ಪ್ರಿಂಗ್ (ಬ್ಯಾಲೆನ್ಸನ್ನು ಆಡಿಸುವ ಸಪೂರ ಸುರುಳಿ) ತೆಗೆದ ಬ್ಯಾಲೆನ್ಸನ್ನು ಪಿವಟ್ಟುಗಳ ಮೇಲೆ ಅಲಗಿಗೆ ಅಡ್ಡ ಇಡಬೇಕು. ಭಾರದ ಭಾಗ ಉರುಳಿ ಕೆಳಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಕೂದಲೆಳೆಯಷ್ಟು ಲೋಹ ತೆಗೆಯುತ್ತಾರೆ. ಅಲಗಿನ ಮೇಲೆ ಒಂದೇ ಒಂದು ತುಕ್ಕಿನ ಗುಳಿ ಇದ್ದರೂ ಚಕ್ರ ಅಲ್ಲೇ ಸಿಕ್ಕಿ ನಿಂತು, ಭಾರವಿಲ್ಲದ ಕಡೆ ಭಾರವಿದೆಯೆಂದು ಮೋಸಮಾಡುತ್ತದೆ. ಪರೀಕ್ಷೆ ಸುಲಭ: ಚಕ್ರವನ್ನು ಅಲಗಿನ ಬೇರೆ ಜಾಗಕ್ಕೆ ಸರಿಸಿ ನೋಡಿ. ಆಗಲೂ ಅದೇ ಭಾಗ ಕೆಳಗೆ ಬಂದರೆ ತಪ್ಪು ಚಕ್ರದ್ದು, ಬಾರದಿದ್ದರೆ ಅಲಗಿನದ್ದು.

ಸಣ್ಣ ವೈಸ್‌ನಂತೆ ಕಾಣುವ, ಪುಸ್ತಕದ ಹಾಗೆ ತೆರೆದುಕೊಳ್ಳುವ ಎರಡು ಹಿತ್ತಾಳೆ ಚೌಕಟ್ಟುಗಳ ಉಪಕರಣ ಸಿಕ್ಕರೆ ನಿಧಿ ಸಿಕ್ಕಂತೆ. ಇದು ಡೆಪ್ತಿಂಗ್ ಟೂಲ್. ನಾಲ್ಕು ಚೂಪು ಉಕ್ಕಿನ ಕಡ್ಡಿಗಳ ನಡುವೆ ಚಕ್ರವನ್ನೂ ಪಿನಿಯನ್ನನ್ನೂ (ಅದಕ್ಕೆ ಕೂಡುವ ಸಣ್ಣ ಹಲ್ಲುಚಕ್ರ) ಕಟ್ಟಿ, ಸ್ಕ್ರೂ ತಿರುಗಿಸಿ, ಹಲ್ಲಿಗೆ ಹಲ್ಲು ಸರಿಯಾಗಿ ಕೂಡುವ ಅಂತರ ಹುಡುಕಿ, ಅದೇ ಅಂತರವನ್ನು ಕಡ್ಡಿಯ ಹೊರಮೊನೆಗಳಿಂದ ವಾಚಿನ ಪ್ಲೇಟಿನ, ಅಂದರೆ ಚಕ್ರಗಳು ಕೂರುವ ಲೋಹದ ತಟ್ಟೆಯ, ಮೇಲೆ ಕೊರೆಯುತ್ತಾರೆ. ಕೊಳ್ಳುವ ಮುನ್ನ ಎರಡೂ ಬದಿಯ ಮೊನೆಗಳಿಂದ ಒಂದು ತಗಡಿನ ಮೇಲೆ ಗೆರೆ ಹಾಕಿಸಿ ನೋಡಿ. ಎರಡು ಅಂತರಗಳು ಒಂದೇ ಇರಬೇಕು. ಇಲ್ಲವಾದರೆ ಅದು ಬಿದ್ದು ಬಾಗಿರುವ ಮಾಲು.

ಪಂಚಿನಿಂದ ಬಡಿದು ಭಾಗಗಳನ್ನು ಕೂರಿಸುವ, ಎಲ್ಲರಿಗೂ ಪರಿಚಯವಿರುವಂತೆ ಕಾಣುವ ಸ್ಟೇಕಿಂಗ್ ಸೆಟ್ಟಿನಲ್ಲೂ ಮೋಸಹೋಗುವವರಿದ್ದಾರೆ. ಕೆಳಗೆ ತೂತುಗಳ ದುಂಡು ಪ್ಲೇಟು, ಮೇಲೆ ಕೊಕ್ಕೆಯಂಥ ತೋಳು, ಸುತ್ತ ಹತ್ತಾರು ಪಂಚುಗಳು. ಮೊದಲು ಮೊನಚು ಪಂಚನ್ನು ತೋಳಿನಿಂದ ಇಳಿಸಿ, ಬೇಕಾದ ತೂತನ್ನು ಅದರ ಕೆಳಗೆ ನಿಖರವಾಗಿ ತಂದು, ಪ್ಲೇಟನ್ನು ಬಿಗಿಮಾಡಿ, ಆಮೇಲೆ ಕೆಲಸದ ಪಂಚು ಹಾಕಬೇಕು. ಬ್ಯಾಲೆನ್ಸ್ ಸ್ಟಾಫ್ ಕೂರಿಸುವಾಗ ತೂತಿರುವ ಎರಡು ಪಂಚು ಬೇಕು: ಗುಂಡುಬಾಯಿಯದ್ದು ರಿವೆಟನ್ನು (ಚಕ್ರವನ್ನು ಹಿಡಿದುಕೊಳ್ಳುವ ಸ್ಟಾಫಿನ ಅಂಚು) ಅರಳಿಸುತ್ತದೆ, ಚಪ್ಪಟೆಬಾಯಿಯದ್ದು ಅದನ್ನು ಮಲಗಿಸುತ್ತದೆ. ಹೆಚ್ಚಿನ ಸೆಟ್ಟುಗಳ ಪಂಚು ಸುಮಾರು 4.7 ಮಿ.ಮೀ. ದಪ್ಪ, ಆದರೆ ಬೇರೆ ಕಂಪನಿಯ ಪಂಚು ಮಿಲಿಮೀಟರಿನ ಒಂದೆರಡು ನೂರಾಂಶ ಸಣ್ಣದಿದ್ದರೂ ಅಲುಗಾಡಿ ಕೇಂದ್ರ ತಪ್ಪುತ್ತದೆ. ಬಿಡಿ ಪಂಚು ಸೇರಿಸಿ 'ಪೂರ್ತಿ ಸೆಟ್' ಎಂದು ಮಾರುವವರಿದ್ದಾರೆ. ಪ್ರತಿಯೊಂದನ್ನೂ ತೋಳಿನಲ್ಲಿ ಇಳಿಸಿ ನೋಡಿಯೇ ದುಡ್ಡು ಕೊಡಿ. ಮುರಿದ ಸ್ಟಾಫನ್ನು ಇದೇ ಸೆಟ್ಟಿನಲ್ಲಿ ಬಡಿದು ಹೊರಹಾಕುವ ಅಭ್ಯಾಸ ನಮ್ಮ ಕಡೆ ಬಹಳ. ಬಡಿದರೆ ಚಕ್ರದ ತೂತು ಹಿಗ್ಗುತ್ತದೆ. ಲೇತ್‌ನಲ್ಲಿ ರಿವೆಟ್ ಕಡಿದು ತೆಗೆಯುವುದೇ ಸರಿಯಾದ ದಾರಿ.

ಇದರ ತಮ್ಮನಂತೆ ಕಾಣುವ, ಲಿವರ್ ಮತ್ತು ಮೈಕ್ರೊಮೀಟರ್ ತಲೆ ಇರುವ ಪ್ರೆಸ್ಸು ಕಲ್ಲು, ಅಂದರೆ ಪಿವಟ್ ತಿರುಗುವ ಪುಟ್ಟ ಮಾಣಿಕ್ಯ, ಕೂರಿಸಲಿಕ್ಕೆ. ಜೊತೆಗೆ ತೂತನ್ನು ಅಳತೆಗೆ ಕೆರೆಯುವ, ಅಂಕಿ ಬರೆದ ರೀಮರುಗಳಿರುತ್ತವೆ. 1.20 ಮಿ.ಮೀ. ಕಲ್ಲಿಗೆ 1.19ರ ತೂತು, ಅಂದರೆ ನೂರನೇ ಒಂದು ಭಾಗದ ಬಿಗಿತದಲ್ಲಿ ಕಲ್ಲು ನಿಲ್ಲುತ್ತದೆ. ಇಲ್ಲಿ ಸುತ್ತಿಗೆ ಎತ್ತಿದರೆ ಕಲ್ಲು ಸೀಳುತ್ತದೆ.

ಸಾಲು ತೂತುಗಳ ಉಕ್ಕಿನ ಪಟ್ಟಿ ಸಿಕ್ಕರೆ ತೂತಿನೊಳಗೆ ನೋಡಿ. ಮರೆ, ಅಂದರೆ ಸ್ಕ್ರೂವಿನ ಸುರುಳಿ ಗೆರೆ, ಇದ್ದರೆ ಅದು ವಾಚಿನ ಸ್ಕ್ರೂ ಮಾಡುವ ಸ್ಕ್ರೂ ಪ್ಲೇಟ್. ನುಣ್ಣಗೆ ಒಳಗೆ ಕಿರಿದಾಗುತ್ತಾ ಹೋದರೆ ಅಕ್ಕಸಾಲಿಗರು ತಂತಿ ಎಳೆಯುವ ಪಟ್ಟಿ. ಎರಡು ಕಸುಬೂ ಒಂದೇ ಕಟ್ಟೆಯಲ್ಲಿ ಕೂತಿದ್ದ ಊರುಗಳಲ್ಲಿ ಇವು ಬೆರೆತಿರುವುದು ಸಹಜ. ವಾಚಿನ ಪ್ಲೇಟಿನಲ್ಲಿ ಸ್ಕ್ರೂ ಮುರಿದು ಕೂತರೆ ಎರಡು ಮೊನೆಗಳ ನಡುವೆ ಕಚ್ಚಿ ತಿರುಗಿಸುವ ಎಕ್ಸ್‌ಟ್ರಾಕ್ಟರ್ ಇದೆ. ಅದಿಲ್ಲದಿದ್ದರೆ ಕ್ಷೌರಿಕರ ಪಟಿಕ ಸಾಕು: ಬಿಸಿನೀರಿನಲ್ಲಿ ಕರಗುವಷ್ಟು ಹಾಕಿ ಹಿತ್ತಾಳೆ ಪ್ಲೇಟನ್ನು ಮುಳುಗಿಸಿಟ್ಟರೆ ಗಂಟೆಗಳಲ್ಲಿ ಉಕ್ಕಿನ ತುಂಡು ಕರಗಿಹೋಗುತ್ತದೆ. ಆದರೆ ಪ್ಲೇಟಿನಲ್ಲಿ ಬೇರೆ ಉಕ್ಕಿನ ಪಿನ್ನೊಂದು ಉಳಿದಿದ್ದರೆ ಅದನ್ನೂ ಬಿಡುವುದಿಲ್ಲ.

ಗಾಜಿನ ಮುಚ್ಚಳದ ಡಬ್ಬಿಯೊಳಗೆ ಒಂದು ಬ್ಯಾಲೆನ್ಸ್ ಚಕ್ರ ಮಾತ್ರ ಆಡುತ್ತಿದ್ದು, ಮೇಲೆ ಚಿಮಟ ಕಟ್ಟಿದ ತೋಳಿದ್ದರೆ, ಒಳಗಿನ ಚಕ್ರವನ್ನು ಯಾವುದೋ ವಾಚಿನ ಬಿಡಿಭಾಗವೆಂದು ಕಿತ್ತುಕೊಳ್ಳಬೇಡಿ. ಅದು ಹೇರ್‌ಸ್ಪ್ರಿಂಗಿನ ಉದ್ದ ಹೊಂದಿಸುವ ಉಪಕರಣ. ಎಚ್‌ಎಂಟಿ ಜನತಾದಂಥ ವಾಚು ಗಂಟೆಗೆ 18,000 ಬಡಿತದ್ದು, ಅಂದರೆ ಸೆಕೆಂಡಿಗೆ 5. ಒಳಗಿನ ಚಕ್ರ ಅದೇ ಲೆಕ್ಕಕ್ಕೆ ಕಟ್ಟಿದ ಮಾದರಿ. ಹೊಸ ಸ್ಪ್ರಿಂಗಿಗೆ ತೂಗುಬಿಟ್ಟ ಚಕ್ರ ಅದರ ಜೊತೆ ಹೆಜ್ಜೆ ಹಾಕುವವರೆಗೆ ಸ್ಪ್ರಿಂಗನ್ನು ಚಿಮಟದಲ್ಲಿ ಹಿಂದೆಮುಂದೆ ಸರಿಸುತ್ತಾರೆ. ಮಾದರಿ ಚಕ್ರ ಕಳೆದುಹೋದರೆ ಉಳಿಯುವುದು ಬರಿ ಡಬ್ಬಿ.

ಇನ್ನು ತುಕ್ಕಿನ ಮಾತು. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಹಾಕಿ, ಬಿದಿರಿನ ಕಡ್ಡಿಯ ತುದಿ ಜಜ್ಜಿ ಅದರಿಂದ ಒರೆಸಿ. ಮೆದು ತುಕ್ಕು ಬಿಡುತ್ತದೆ. ಬಿಡದೆ ಉಳಿದ ಕಪ್ಪು ಕಲೆ ಹಿಡಿ–ಕಾಲುಗಳ ಮೇಲಿದ್ದರೆ ಇರಲಿ, ಕೆಲಸಕ್ಕೇನೂ ಅಡ್ಡಿಯಿಲ್ಲ. ಅಲಗು, ಗಾಡಿ, ಪಂಚಿನ ಬಾಯಿ ಹಾಳಾಗಿದ್ದರೆ ಮಾತ್ರ ಅವನ್ನು ಸಾಣೆ ಗೊತ್ತಿರುವವರ ಕೈಗೆ ಕೊಡಿ. ಆಮೇಲೆ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಒರೆಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಪೆಟ್ಟಿಗೆಯ ಒಳಗಿನ ಮಖಮಲ್ಲು ಎಷ್ಟೇ ಚೆಂದವಿರಲಿ, ಜೂನ್ ಬರುವ ಮೊದಲು ಉಪಕರಣಗಳನ್ನು ಅದರಿಂದ ಹೊರತೆಗೆಯಿರಿ. ಬಟ್ಟೆ ಕುಡಿದ ತೇವವನ್ನು ಸೆಪ್ಟೆಂಬರ್‌ವರೆಗೂ ಉಕ್ಕಿನ ಮೈಗೇ ಒತ್ತಿ ಹಿಡಿದಿರುತ್ತದೆ.