ಥರ್ಮಾಮೀಟರ್ ಎಲ್ಲಿತ್ತು? ಮಿದುಳು ಉಳಿಸುವ ಚಿಕಿತ್ಸೆಯ ಹಿನ್ನೆಲೆ

ಹೃದಯ ನಿಂತಿದ್ದ ರೋಗಿಗೆ ಎದೆ ಒತ್ತಿ, ಶಾಕ್ ಕೊಟ್ಟು, ಮತ್ತೆ ಮಿಡಿತ ಬರಿಸಿ ಐಸಿಯುಗೆ ತಂದಿದ್ದಾರೆ. ನಾಡಿ ಸಿಗುತ್ತಿದೆ, ಆದರೆ ಎಷ್ಟು ಕರೆದರೂ ಓಗೊಡುತ್ತಿಲ್ಲ. ಮಿದುಳು ಉಳಿಸಲು ಇಂಥವರ ಮೈಯನ್ನು 33 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಸಬೇಕೋ, 36ರಲ್ಲಿ ಹಿಡಿದಿಟ್ಟರೆ ಸಾಕೋ, ಜ್ವರ ಬಾರದಂತೆ ನೋಡಿಕೊಂಡರೆ ಆಯಿತೋ? ಕಳೆದ 20 ವರ್ಷಗಳಲ್ಲಿ ಈ ಮೂರೂ ಉತ್ತರಗಳು ಸರಿ ಎನಿಸಿಕೊಂಡಿವೆ. ಮನೆಯವರಿಗಿರಲಿ, ಐಸಿಯುನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ವೈದ್ಯರಿಗೂ ಇದು ಗೋಜಲು. ಗೋಜಲು ಬಿಡಿಸಲು ಒಬ್ಬ ಅರಿವಳಿಕೆ ತಜ್ಞರ ಹೆಜ್ಜೆ ಹಿಡಿದು ಹೋಗುವುದು ಸುಲಭ. ಅವರು ಪೀಟರ್ ಸಾಫರ್.

1924ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಸಾಫರ್ ಯುದ್ಧದ ನಂತರ ಅಮೆರಿಕಕ್ಕೆ ಬಂದರು. 1950ರ ದಶಕದ ಕೊನೆಯಲ್ಲಿ ಬಾಲ್ಟಿಮೋರ್‌ನಲ್ಲಿ, ಸ್ನಾಯು ಸಡಿಲಿಸುವ ಔಷಧ ಪಡೆದ ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ, ತಲೆ ಹಿಂದಕ್ಕೆ ಬಾಗಿಸಿ ಬಾಯಿಂದ ಬಾಯಿಗೆ ಉಸಿರು ಕೊಟ್ಟರೆ ಸಾಕಷ್ಟು ಆಮ್ಲಜನಕ ಸಿಗುತ್ತದೆ ಎಂದು ತೋರಿಸಿದರು. 1960ರಲ್ಲಿ ಕೌವೆನ್‌ಹೋವೆನ್ ಮತ್ತು ಸಂಗಡಿಗರು ಎದೆ ಒತ್ತುವ ವಿಧಾನ ಪ್ರಕಟಿಸಿದರು. ಉಸಿರಿನ ದಾರಿ, ಉಸಿರು, ರಕ್ತ ಸಂಚಾರ ಮೂರನ್ನೂ ಸಾಫರ್ ಒಂದು ಸರಪಳಿಯಾಗಿ ಪೋಣಿಸಿದರು. ನಾವೀಗ ಸಿಪಿಆರ್ ಎನ್ನುವುದು ಅದನ್ನೇ.

1961ರಲ್ಲಿ ಅವರು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಅರಿವಳಿಕೆ ವಿಭಾಗದ ಮುಖ್ಯಸ್ಥರಾದರು. 1966ರಲ್ಲಿ ಅವರ ಪುಟ್ಟ ಮಗಳು ತೀವ್ರ ಅಸ್ತಮಾದಿಂದ ತೀರಿಕೊಂಡಳು. ಹೃದಯ, ಶ್ವಾಸಕೋಶಗಳನ್ನು ಮರಳಿ ಪಡೆಯಲು ಆಗಿತ್ತು, ಮಿದುಳನ್ನು ಆಗಲಿಲ್ಲ. ಸಾಫರ್ ಅವರ ಮುಂದಿನ ಸಂಶೋಧನೆಯೆಲ್ಲ ಮಿದುಳಿನ ಸುತ್ತಲೇ ಸಾಗಿತು. ಹೃದಯ ಮತ್ತು ಶ್ವಾಸಕೋಶದ ಪುನಶ್ಚೇತನ ಎಂಬ ಹೆಸರಿಗೆ ‘ಮಿದುಳು’ ಎಂಬ ಪದ ಸೇರಿಸಬೇಕೆಂದು ಅವರು ಕೊನೆಯವರೆಗೂ ಒತ್ತಾಯಿಸಿದರು.

ಮಿದುಳನ್ನು ಉಳಿಸುವುದು ಯಾಕಿಷ್ಟು ಕಷ್ಟ? ದೇಹದ ತೂಕದಲ್ಲಿ ಅದರ ಪಾಲು ಶೇ 2. ಆದರೆ ವಿಶ್ರಾಂತಿಯಲ್ಲಿರುವ ದೇಹ ಬಳಸುವ ಆಮ್ಲಜನಕದಲ್ಲಿ ಶೇ 20ರಷ್ಟು ಅದಕ್ಕೇ ಬೇಕು. ನಿಮಿಷಕ್ಕೆ 100 ಗ್ರಾಂ ಮಿದುಳಿಗೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ. ಹರಿವು 20ರ ಕೆಳಗೆ ಹೋದರೆ ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಇಇಜಿಯ ಅಲೆಗಳು ಕುಗ್ಗಿ ಕ್ರಮೇಣ ನೇರ ಗೆರೆಯಾಗುತ್ತವೆ. 10ರ ಆಸುಪಾಸಿಗೆ ಇಳಿದರೆ ಜೀವಕೋಶದ ಪೊರೆ ಕೈಬಿಡುತ್ತದೆ. ಆಗ ಪೊಟ್ಯಾಸಿಯಂ ಹೊರಗೆ ಸುರಿಯುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಮಿದುಳು ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಶೇ 60 ಸಂದೇಶ ರವಾನೆಗೆ, ಉಳಿದದ್ದು ಜೀವಕೋಶವನ್ನು ಬದುಕಿಸಿಡುವುದಕ್ಕೆ. ಈ ಎರಡು ಪಾಲುಗಳನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇವುಗಳ ಮೇಲೇ ನಿಂತಿದೆ.

1970ರ ದಶಕದಲ್ಲಿ ಮೇಯೋ ಕ್ಲಿನಿಕ್‌ನ ಅರಿವಳಿಕೆ ತಜ್ಞ ಜಾನ್ ಮೈಕೆನ್‌ಫೆಲ್ಡರ್ ನಾಯಿಗಳಿಗೆ ಥಯೋಪೆಂಟಾಲ್ ಎಂಬ, ಬಾರ್ಬಿಚುರೇಟ್ ಗುಂಪಿನ ಅರಿವಳಿಕೆ ಔಷಧವನ್ನು ಏರಿಸುತ್ತ ಹೋದರು. ಇಇಜಿ ನೇರ ಗೆರೆಯಾಗುವವರೆಗೆ ಮಿದುಳಿನ ಆಮ್ಲಜನಕದ ಬೇಡಿಕೆ ಇಳಿಯಿತು. ಆಮೇಲೆ ಎಷ್ಟು ಸುರಿದರೂ ಇಳಿಯಲಿಲ್ಲ. ಅಂದರೆ ಔಷಧ ಮೊದಲ ಪಾಲನ್ನು ಮಾತ್ರ ಉಳಿಸುತ್ತದೆ. ತಂಪು ಹಾಗಲ್ಲ. ಡಿಗ್ರಿಯೊಂದಕ್ಕೆ ಶೇ 6-7ರಂತೆ ಅದು ಎರಡೂ ಪಾಲನ್ನು ತಗ್ಗಿಸುತ್ತದೆ. ಹೃದಯ ಪೂರ್ತಿ ನಿಂತಾಗ ಇಇಜಿ ಅರೆ ನಿಮಿಷದೊಳಗೆ ತಾನಾಗಿಯೇ ನೇರವಾಗಿಬಿಡುತ್ತದೆ. ಅಲ್ಲಿ ಥಯೋಪೆಂಟಾಲ್‌ಗೆ ಉಳಿಸಲು ಏನು ಉಳಿದಿರುತ್ತದೆ?

ಆದರೂ ಆಸೆ ದೊಡ್ಡದಿತ್ತು. 1978ರಲ್ಲಿ ಪಿಟ್ಸ್‌ಬರ್ಗ್ ತಂಡದ, ಅಂದರೆ ಸಾಫರ್ ಅವರ ತಂಡದ, ಒಂದು ವರದಿ ಬಂತು. ಕೋತಿಗಳ ಕುತ್ತಿಗೆಗೆ ಗಾಳಿ ತುಂಬುವ ಪಟ್ಟಿ (ಕಫ್) ಬಿಗಿದು ಮಿದುಳಿಗೆ 16 ನಿಮಿಷ ರಕ್ತ ನಿಲ್ಲಿಸಿ, ಬಳಿಕ ಕೆ.ಜಿ.ಗೆ 90 ಮಿ.ಗ್ರಾಂ. ಥಯೋಪೆಂಟಾಲ್ ಕೊಟ್ಟಾಗ ಅವು ಎಷ್ಟೋ ಚೆನ್ನಾಗಿ ಚೇತರಿಸಿಕೊಂಡಿದ್ದವು. ಲೋಕದೆಲ್ಲೆಡೆ ಐಸಿಯುಗಳಲ್ಲಿ ‘ಬಾರ್ಬಿಚುರೇಟ್ ಕೋಮಾ’ ಹಬ್ಬಿತು. ಆದರೆ 1984ರಲ್ಲಿ, ರಕ್ತದೊತ್ತಡ, ಉಸಿರಾಟ ಇತ್ಯಾದಿಗಳನ್ನು ಇನ್ನಷ್ಟು ಬಿಗಿಯಾಗಿ ಹತೋಟಿಯಲ್ಲಿಟ್ಟು ಅದೇ ಪ್ರಯೋಗ ಮತ್ತೆ ಮಾಡಿದಾಗ ಲಾಭ ಕಾಣಲಿಲ್ಲ. 1986ರಲ್ಲಿ ಮನುಷ್ಯರ ಪರೀಕ್ಷೆಯ ಫಲಿತಾಂಶವೂ ಹೊರಬಿತ್ತು. ಹೃದಯಸ್ತಂಭನದ ನಂತರ ಕೋಮಾದಲ್ಲಿದ್ದ 262 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಕೆ.ಜಿ.ಗೆ 30 ಮಿ.ಗ್ರಾಂ. ಥಯೋಪೆಂಟಾಲ್ ಕೊಡಲಾಗಿತ್ತು. ವರ್ಷದೊಳಗೆ ತೀರಿಕೊಂಡವರು ಔಷಧ ಪಡೆದವರಲ್ಲಿ ಶೇ 77, ಪಡೆಯದವರಲ್ಲಿ ಶೇ 80. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇದು ವ್ಯತ್ಯಾಸವೇ ಅಲ್ಲ. ತಾವೇ ಹುಟ್ಟುಹಾಕಿದ ಭರವಸೆಯನ್ನು ಈ ತಂಡ ತಾನೇ ಪರೀಕ್ಷೆಗೊಡ್ಡಿ, ಸೋಲನ್ನು ಮುಚ್ಚಿಡದೆ ಪ್ರಕಟಿಸಿತು. ಸಾಫರ್ ಅವರ ಕೆಲಸದಲ್ಲಿ ಸಿಪಿಆರ್ ನಂತರ ಅತ್ಯಂತ ಬೆಲೆಬಾಳುವುದು ಇದೇ ಎಂದು ಹೇಳಬೇಕು.

ಮರುವರ್ಷ ಮಯಾಮಿಯಿಂದ ಬಂದ ಇಲಿಗಳ ಪ್ರಯೋಗ ಇಡೀ ಕ್ಷೇತ್ರದ ಕಣ್ಣು ತೆರೆಸಿತು. ಅಲ್ಲಿಯವರೆಗಿನ ರೂಢಿ ಹೀಗಿತ್ತು: ಇಲಿಯ ಗುದದೊಳಗೆ ಥರ್ಮಾಮೀಟರ್, ಮೈಗೆ ಬಿಸಿ ದೀಪ ಅಥವಾ ಪ್ಯಾಡ್, ಪುಸ್ತಕದಲ್ಲಿ ‘37 ಡಿಗ್ರಿ’ ಎಂಬ ದಾಖಲೆ. ಆದರೆ ತಲೆಗೆ ಬಿಸಿ ರಕ್ತ ಹೋಗುವುದು ನಿಂತ ಕೂಡಲೇ ಆ ಪುಟ್ಟ ತಲೆಬುರುಡೆ ಕೋಣೆಯ ಗಾಳಿಗೆ ಆರತೊಡಗುತ್ತದೆ. ಗುದದಲ್ಲಿ 37 ಇದ್ದಾಗಲೂ ಮಿದುಳು ಹಲವು ಡಿಗ್ರಿ ಕೆಳಗಿರುತ್ತಿತ್ತು. ಬುಸ್ಟೊ ಮತ್ತು ಸಂಗಡಿಗರು ಮಿದುಳಿನೊಳಗಿನ ತಾಪವನ್ನೇ ಅಳೆದು 33, 34, 36, 39 ಡಿಗ್ರಿಗಳಲ್ಲಿ ಹಿಡಿದಿಟ್ಟು, 20 ನಿಮಿಷ ರಕ್ತ ತಡೆದರು. ಬರೀ ಎರಡು ಡಿಗ್ರಿಯ ಅಂತರದಲ್ಲಿ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನ ಜೀವಕೋಶಗಳು ಸಾಯುವುದೂ ಉಳಿಯುವುದೂ ನಿರ್ಧಾರವಾಗುತ್ತಿತ್ತು.

ಇದರ ಅರ್ಥ ಗಂಭೀರವಾದದ್ದು. ಪ್ರಾಣಿಯನ್ನು ಮಂಕಾಗಿಸಿ ಮೈ ತಣ್ಣಗಾಗಿಸುವ ಯಾವುದೇ ಔಷಧ ‘ಮಿದುಳು ರಕ್ಷಕ’ನಂತೆ ಕಾಣಬಹುದು. 1990ರಲ್ಲಿ ಎಂಕೆ-801 ಎಂಬ ಬಹುನಿರೀಕ್ಷೆಯ ವಸ್ತುವಿನ ವಿಷಯದಲ್ಲಿ ಹಾಗೆಯೇ ಆಯಿತು. ಜರ್ಬಿಲ್‌ಗಳೆಂಬ ಇಲಿಯಂಥ ಪ್ರಾಣಿಗಳನ್ನು ಬೆಚ್ಚಗಿಟ್ಟು ಅದನ್ನು ಕೊಟ್ಟಾಗ ರಕ್ಷಣೆ ಮಾಯವಾಯಿತು. ಕಾಪಾಡಿದ್ದು ಔಷಧವಲ್ಲ, ತಂಪು. ಅದಕ್ಕೂ ಮೊದಲಿನ ಎಷ್ಟು ಪ್ರಬಂಧಗಳನ್ನು ಈ ಕಣ್ಣಿನಿಂದ ಮತ್ತೆ ಓದಬೇಕು ಎಂಬ ಪ್ರಶ್ನೆಗೆ ಸಿಗಬೇಕಾದಷ್ಟು ಗಮನ ಇಂದಿಗೂ ಸಿಕ್ಕಿಲ್ಲ.

ಇತ್ತ ಸಾಫರ್ ತಮ್ಮ ಹಳೆಯ ಮಾತಿಗೆ ಮರಳಿದರು. ಚೇತರಿಕೆಯ ಸುಳಿವಿಲ್ಲದಿದ್ದರೆ 30 ನಿಮಿಷದೊಳಗೆ ತಂಪು ಆರಂಭಿಸಿ ಎಂದು 1964ರಲ್ಲೇ ಅವರು ಬರೆದಿದ್ದರು. ಆ ಕಾಲದಲ್ಲಿ 30-32 ಡಿಗ್ರಿಗೆ ಇಳಿಸುತ್ತಿದ್ದರು. ಹೃದಯದ ಲಯ ಕೆಡುವುದು, ಸೋಂಕು, ರಕ್ತ ಹೆಪ್ಪುಗಟ್ಟದಿರುವುದು, ಇವುಗಳಿಗೆ ಹೆದರಿ ಕೈಬಿಟ್ಟರು. 34 ಡಿಗ್ರಿಯಂಥ ಹಗುರ ತಂಪೂ ಸಾಕೆಂದು ಅವರ ತಂಡ 1990ರ ಸುಮಾರಿಗೆ ನಾಯಿಗಳಲ್ಲಿ ತೋರಿಸಿತು. 2002ರಲ್ಲಿ ಹೃದಯಸ್ತಂಭನದ ರೋಗಿಗಳನ್ನು ತಂಪು ಮಾಡಿ ನೋಡಿದ ಯುರೋಪಿನ ಮತ್ತು ಮೆಲ್ಬರ್ನ್‌ನ ಪರೀಕ್ಷೆಗಳು ಒಟ್ಟಿಗೆ ಪ್ರಕಟವಾದವು. ಯುರೋಪಿನದರಲ್ಲಿ 32-34 ಡಿಗ್ರಿಯಲ್ಲಿ 24 ಗಂಟೆ ಇದ್ದವರಲ್ಲಿ ಶೇ 55 ಮಂದಿಗೆ ಒಳ್ಳೆಯ ಚೇತರಿಕೆ, ತಂಪು ಮಾಡದವರಲ್ಲಿ ಶೇ 39. ಸಾಫರ್ ಅದನ್ನು ಕಂಡು, 2003ರಲ್ಲಿ ತೀರಿಕೊಂಡರು.

ಆಮೇಲಿನದು ಏರಿದ್ದು ಇಳಿದ ಕಥೆ. 2005ರಲ್ಲಿ ಅಯೋವಾದ ಅರಿವಳಿಕೆ ತಜ್ಞ ಮೈಕೆಲ್ ಟಾಡ್ ನೇತೃತ್ವದಲ್ಲಿ, ಮಿದುಳಿನ ಒಡೆದ ರಕ್ತನಾಳದ ಗುಳ್ಳೆಗೆ ಕ್ಲಿಪ್ ಹಾಕುವ ಶಸ್ತ್ರಚಿಕಿತ್ಸೆಯಲ್ಲಿ ಸಾವಿರ ರೋಗಿಗಳ ಮೇಲೆ ನಡೆದ ಪರೀಕ್ಷೆ ಪ್ರಕಟವಾಯಿತು. 33 ಡಿಗ್ರಿಯಲ್ಲಿ ಶೇ 66, ಮಾಮೂಲಿ ತಾಪದಲ್ಲಿ ಶೇ 63 ಒಳ್ಳೆಯ ಫಲಿತಾಂಶ, ಲಾಭವಿದೆ ಎನ್ನುವಂತಿರಲಿಲ್ಲ. ಹೃದಯಸ್ತಂಭನದಲ್ಲಿ 33 ಮತ್ತು 36ರ ನಡುವೆ ವ್ಯತ್ಯಾಸವಿಲ್ಲವೆಂದು 2013ರಲ್ಲಿ ಗೊತ್ತಾಯಿತು. 2021ರಲ್ಲಿ 1850ಕ್ಕೂ ಹೆಚ್ಚು ರೋಗಿಗಳಲ್ಲಿ 33 ಡಿಗ್ರಿಯನ್ನು ಬರೀ ಜ್ವರ ತಡೆಯುವುದರೊಂದಿಗೆ ಹೋಲಿಸಿದರು. ಸಾವು ಶೇ 50 ಮತ್ತು 48. ರಕ್ತದೊತ್ತಡ ಕುಸಿಯುವಷ್ಟು ಹೃದಯದ ಲಯ ಕೆಟ್ಟದ್ದು ತಂಪು ಮಾಡಿದವರಲ್ಲೇ ಹೆಚ್ಚು. ಹಿಂತಿರುಗಿ ನೋಡಿದರೆ 2002ರ ಹೋಲಿಕೆಯ ಗುಂಪಿನಲ್ಲಿ ಹಲವರ ಮೈ 37ನ್ನು ದಾಟಿತ್ತು. ಗೆದ್ದದ್ದು ತಂಪೋ, ಸೋತದ್ದು ಜ್ವರವೋ ಎಂಬ ಅನುಮಾನಕ್ಕೆ ಅಲ್ಲಿಯೇ ಬೀಜವಿತ್ತು.

ನಮ್ಮ ನೆಲಕ್ಕೆ ಸಂಬಂಧಪಟ್ಟ ಒಂದು ಪಾಠವಂತೂ ಕಹಿಯಾದದ್ದು. ಹುಟ್ಟುವಾಗ ಉಸಿರುಗಟ್ಟಿದ ಶಿಶುಗಳನ್ನು 33.5 ಡಿಗ್ರಿಯಲ್ಲಿ 72 ಗಂಟೆ ಇಡುವುದು ಶ್ರೀಮಂತ ದೇಶಗಳಲ್ಲಿ ಫಲ ಕೊಟ್ಟಿದೆ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳಲ್ಲಿ 408 ಶಿಶುಗಳ ಮೇಲೆ ನಡೆದ, ಬೆಂಗಳೂರಿನ ಆಸ್ಪತ್ರೆಗಳೂ ಪಾಲ್ಗೊಂಡಿದ್ದ ಹೀಲಿಕ್ಸ್ ಪರೀಕ್ಷೆಯಲ್ಲಿ (2021) ತಂಪು ಮಾಡಿದವರಲ್ಲಿ ಶೇ 42, ಮಾಡದವರಲ್ಲಿ ಶೇ 31 ಶಿಶುಗಳು ತೀರಿಕೊಂಡವು. ಬೇರೆಡೆಯ ಪದ್ಧತಿಯನ್ನು ಇಲ್ಲಿ ಪರೀಕ್ಷಿಸದೆ ತರಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ ಹಾಸಿಗೆಯ ಪಕ್ಕದಲ್ಲಿ ಇಂದು ಮಾಡಬೇಕಾದ್ದೇನು? ತಾಪವನ್ನು ಕಂಕುಳಲ್ಲಿ ಅಳೆಯಬಾರದು. ಅನ್ನನಾಳದಲ್ಲೋ ಮೂತ್ರಕೋಶದಲ್ಲೋ ಪ್ರೋಬ್ ಇಟ್ಟು ಬಿಡದೆ ನೋಡಬೇಕು. ಮೂತ್ರವೇ ಬರುತ್ತಿಲ್ಲವಾದರೆ ಮೂತ್ರಕೋಶದ ಅಂಕಿಯನ್ನೂ ನಂಬುವಂತಿಲ್ಲ. ಕೋಮಾದಲ್ಲಿರುವವರಿಗೆ ಜ್ವರ ಏರಲು ಬಿಡಬಾರದು. ಮೊದಲು ಪ್ಯಾರಸಿಟಮಾಲ್, ಹೊದಿಕೆ ತೆಗೆಯುವುದು. ಸಾಲದಿದ್ದರೆ ತಣ್ಣೀರು ಹರಿಯುವ ಹಾಸು. ಮೈ ನಡುಗಿದರೆ ಆಮ್ಲಜನಕದ ಖರ್ಚು ದುಪ್ಪಟ್ಟಾಗಿ ಮಾಡಿದ್ದೆಲ್ಲ ವ್ಯರ್ಥ, ಆದ್ದರಿಂದ ದವಡೆ, ಎದೆಯ ಸ್ನಾಯುಗಳ ಮೇಲೆ ಕೈಯಿಟ್ಟು ನೋಡುತ್ತಿರಬೇಕು. ತಂಪು ಮಾಡಿದ್ದರೆ ಗಂಟೆಗೆ ಕಾಲು ಡಿಗ್ರಿಯಿಂದ ಅರ್ಧ ಡಿಗ್ರಿಯಂತೆ ಮಾತ್ರ ಬೆಚ್ಚಗಾಗಿಸಬೇಕು. ತಂಪಿನಲ್ಲಿ ಜೀವಕೋಶದೊಳಗೆ ಸೇರಿದ್ದ ಪೊಟ್ಯಾಸಿಯಂ ಆಗ ರಕ್ತಕ್ಕೆ ಮರಳುತ್ತದೆ, ಅವಸರ ಮಾಡಿದರೆ ಅದೇ ಹೃದಯ ನಿಲ್ಲಿಸಬಹುದು. ಆಂಬುಲೆನ್ಸ್‌ನಲ್ಲೇ 4 ಡಿಗ್ರಿಯ ಸಲೈನ್ ಎರಡು ಲೀಟರ್ ಹರಿಸುವ ಪದ್ಧತಿಯೂ ಸಿಯಾಟಲ್‌ನಲ್ಲಿ ಪರೀಕ್ಷೆಗೊಳಗಾಯಿತು. ಲಾಭವಾಗಲಿಲ್ಲ, ದಾರಿಯಲ್ಲಿ ಹೃದಯ ಮತ್ತೆ ನಿಲ್ಲುವುದು, ಶ್ವಾಸಕೋಶದಲ್ಲಿ ನೀರು ತುಂಬುವುದು ಹೆಚ್ಚಾಯಿತು.

ತಂಪಾದ ದೇಹದಲ್ಲಿ ನಿದ್ರೆಯ ಔಷಧಗಳು ನಿಧಾನವಾಗಿ ಕರಗುತ್ತವೆ. ಎರಡನೇ ದಿನ ಕಣ್ಣು ಬಿಡದ ರೋಗಿಯ ಮಿದುಳು ಸತ್ತಿದೆಯೋ, ಮಿಡಾಜೋಲಾಂ ಇನ್ನೂ ಇಳಿದಿಲ್ಲವೋ ಹೇಳುವುದು ಕಷ್ಟ. ಕನಿಷ್ಠ 72 ಗಂಟೆ ಕಳೆದು, ಔಷಧದ ಅಮಲು ಪೂರ್ತಿ ಇಳಿದಿದೆ ಎಂದು ಖಚಿತವಾಗುವವರೆಗೆ ‘ಇನ್ನು ಆಸೆಯಿಲ್ಲ’ ಎಂಬ ಮಾತನ್ನು ಮನೆಯವರಿಗೆ ಹೇಳಬಾರದು.